ಒಂಟಿ ಸೀನಿನ ಗಾಡಿ

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಅದಕ್ಕೆ ಗಾರೆ ಹಚ್ಚುವಾಗ ಮಾತ್ರ. (ನಮ್ಮಪ್ಪ ಗೌಂಡಿ.) ಆದರೂ ಯಾವ ಎಂಜಿನ್ನಿಗೆ ನಿಜವಾಗಿ ಹೊಟ್ಟೆನೋವು, ಯಾವುದು ಸೋಗು ಹಾಕುತ್ತಿದೆ ಎಂಬುದನ್ನು ಬಾನೆಟ್ ಎತ್ತುವ ಮೊದಲೇ ಹೇಳಬಲ್ಲೆ. ಅದಿರು ಹೊರುವ ಟಿಪ್ಪರುಗಳ ಟರ್ಬೊ ಬಿಚ್ಚಿ ಬಿಚ್ಚಿ ವಿದ್ಯೆ ಸಂಪಾದಿಸಿದವನು ನಾನು. ಗೋವಾದ ಫೋಂಡಾದಲ್ಲಿರುವ ನನ್ನ ಗ್ಯಾರೇಜಿಗೆ ‘ಟರ್ಬೊ ಹಣಮಪ್ಪ’ ಎಂದು ಕೆಂಪಕ್ಷರದ ಬೋರ್ಡನ್ನೂ ಬರೆಸಿದೆ. ಇಂಥ ಮಹಾಮಹೋಪಾಧ್ಯಾಯನನ್ನು ಜನ ಈಗ ಕರೆಯುವ ಹೆಸರು ಕೇಳಿದರೆ ನಿಮಗೆ ನಗು, ನನಗೆ ಹೊಟ್ಟೆಯುರಿ.

ಇದಕ್ಕೆಲ್ಲ ಕಾರಣ ಒಂದು ವಾಲ್ವು ಮತ್ತು ಒಬ್ಬ ಹೆಂಡತಿ.

ಪಣಜಿಯ ಆಫೀಸೊಂದರಲ್ಲಿರುವ ಧಾರವಾಡದ ಹುಡುಗ ಆನಂದತೀರ್ಥ ತನ್ನ ಪೆಟ್ರೋಲ್ ಟರ್ಬೊ ಕಾರು ತಂದು ನಿಲ್ಲಿಸಿದ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಆ ಗಾಳಿ ದಾರಿ ಕಾಣದೆ ಒದ್ದಾಡುತ್ತದೆ. ಅದಕ್ಕೆ ದಾರಿ ಬಿಡುವುದೇ ಬ್ಲೋ-ಆಫ್ ವಾಲ್ವು. ಕಂಪನಿಯ ಪ್ಲಾಸ್ಟಿಕ್ ವಾಲ್ವು ಗಾಳಿಯನ್ನು ಸದ್ದಿಲ್ಲದೆ ಒಳಗಿನ ಪೈಪಿಗೇ ತಿರುಗಿಸುತ್ತದೆ, ಅತ್ತೆಯೆದುರು ಸೊಸೆ ಸಿಟ್ಟು ನುಂಗಿದ ಹಾಗೆ. ಹುಡುಗ ತಂದಿದ್ದ ಹೊಸ ಲೋಹದ ವಾಲ್ವು ಎಲ್ಲವನ್ನೂ ಹೊರಗೇ ಉಗುಳುತ್ತದೆ, ನಮ್ಮ ಮನೆಯಾಕೆಯ ಹಾಗೆ.

“ಕಾಕಾ, ಇದನ್ನ ಹಾಕಿದ ಮ್ಯಾಲೆ ಕೆಲವು ಗಾಡಿ ನಡುವನ ಆರಿಬಿಡ್ತಾವಂತ್ರಿ. ಎಂಜಿನ್ನಿಗೆ ಗಾಳಿ ಲೆಕ್ಕ ತಪ್ಪತೈತಂತ.”

“ಲೆಕ್ಕ ಬರಿಯಾಕ ಎಂಜಿನ್ ಏನ ಶ್ಯಾನುಭೋಗನ? ನಾ ಅದೇನಿ, ಸುಮ್ನಿರೊ.”

“ಹಂಗಾರ ನಾಳಿ ಒಂದಿನ ದೂರ ಓಡಿಸಿ ನೋಡ್ರಿ,” ಎಂದು ಕೀಲಿ ಕೊಟ್ಟು ಹೋದ.

ವಾಲ್ವು ಕೂಡಿಸಿ, ಆಕ್ಸಿಲರೇಟರ್ ಒತ್ತಿ, ಕಾಲು ತೆಗೆದೆ. “ಹ್ಯಾಕ್ಛೀ!” ಎಂದಿತು ವಾಲ್ವು. ನನ್ನ ಎದೆ ಉಬ್ಬಿತು.

ಮರುದಿನ ವಾಸ್ಕೋದಲ್ಲಿ ನನ್ನ ಹೆಂಡತಿ ಹುಲಿಗೆವ್ವನ ತಮ್ಮ ಪರಶುವಿನ ಮಗನ ತೊಟ್ಟಿಲ ಶಾಸ್ತ್ರ. ಕೂಸಿನ ಕಿವಿಯಲ್ಲಿ ಸೋದರತ್ತೆಯೇ ಹೆಸರು ಹೇಳಬೇಕು. ತೀರಿಹೋದ ತನ್ನಪ್ಪನ ಹೆಸರು ನಿಂಗಪ್ಪ ಎಂದೇ ಇಡುವುದೆಂದು ಇವಳು ಬಸಿರಿನ ಸುದ್ದಿ ಬಂದಾಗಲೇ ತೀರ್ಮಾನಿಸಿದ್ದಳು. ತಡವಾದರೆ ಅದೇ ಓಣಿಯಲ್ಲಿರುವ ಇವಳ ಚಿಕ್ಕಪ್ಪನ ಮಗಳು ಮಂಗಲಾ ‘ಪ್ರಿನ್ಸ್’ ಎಂದು ಉಸುರಿಬಿಡಲು ಬಾಯಿ ತೆರೆದೇ ಕೂತಿದ್ದಳು. “ಬಸ್ಸು ಬ್ಯಾಡ, ಪುಷ್ಪಕ ವಿಮಾನದಾಗ ಒಯ್ಯತೇನಿ,” ಎಂದೆ. ವಾಲ್ವಿನ ಪರೀಕ್ಷೆಯೂ ಆದೀತು, ಹೆಂಡತಿಯೆದುರು ಮೀಸೆ ತಿರುವಿದ ಹಾಗೂ ಆದೀತು.

ಓಣಿ ದಾಟಿ ಗೇರು ಬದಲಿಸಿದೆ. “ಹ್ಯಾಕ್ಛೀ!”

“ನಿಲ್ಲಸ್ರಿ!” ಎಂದು ಚೀರಿದಳು. “ಹೊಂಡೂ ಮುಂದ ಒಂಟಿ ಸೀನು! ಇಳೀರಿ, ಚಪ್ಪಲಿ ಬಿಟ್ಟು ಕುಂದರ್ರಿ, ಒಂದ ಗುಟುಕ ನೀರ ಕುಡೀರಿ.”

“ಸೀನಿದ್ದು ನಾ ಅಲ್ಲ, ಗಾಡಿ!”

“ಯಾರರ ಸೀನಲಿ, ಸೀನು ಸೀನ. ಊರ ಮಂದಿ ಗಾಡಿ ರಿಪೇರಿ ಮಾಡ್ತೀರಿ, ನಮಗ ನೆಗಡಿ ಬಂದದ್ದ ಸಿಗಬೇಕಾ?”

ಇಳಿದೆವು, ಕೂತೆವು, ಕುಡಿದೆವು. ಮುಂದಿನ ಗೇರಿಗೆ ಮತ್ತೆ ಹ್ಯಾಕ್ಛೀ, ಮತ್ತೆ ತಂಬಿಗೆ. ಬೋರಿ ಸೇತುವೆ ಮುಟ್ಟುವಷ್ಟರಲ್ಲಿ ನನ್ನ ಹೊಟ್ಟೆ ತುಂಬಿದ ಕೊಡವಾಗಿತ್ತು. (ಅದನ್ನು ಖಾಲಿ ಮಾಡಲು ಇನ್ನೊಮ್ಮೆ ನಿಲ್ಲಿಸಬೇಕಾಯಿತು. ಮನುಷ್ಯನಿಗೂ ವಾಲ್ವು ಇದೆ.) ನಾವು ಬೇಡವೆಂದ ಬಸ್ಸು ನಮ್ಮನ್ನು ಹಿಂದಿಕ್ಕಿ ಹೋಯಿತು.

“ಮಂಗಲಾ ಈಗ ಕೂಸಿನ ಬಗಲಾಗ ಕುಂತಿರತಾಳ,” ಎಂದು ಹುಲಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಸರಿನಲ್ಲೇ ಹುಲಿ ಇರುವವಳು ಅತ್ತರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಥಟ್ಟನೆ ಹೊಳೆಯಿತು.

“ಜೋಡಿ ಸೀನು ಆದ್ರ?”

“ಜೋಡಿ ಆದ್ರ ಭಾಳ ಚಲೋ. ಅದು ಶುಭ.”

ಅಲ್ಲಿಂದ ಪ್ರತಿ ಗೇರಿಗೂ ಎರಡೆರಡು ಸಲ ಒತ್ತಿ ಬಿಟ್ಟೆ. ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಪ್ರತಿ ಜೋಡಿ ಸೀನಿಗೂ ಅವಳು ಕೈ ಮುಗಿದಳು.

ನಾವು ಮುಟ್ಟಿದಾಗ ಮಂಗಲಾಳ ಕೈ ಆಗಲೇ ತೊಟ್ಟಿಲ ಮೇಲಿತ್ತು. ಹುಲಿಗೆವ್ವ ಹೆಂಗಸರನ್ನು ಸೀಳಿಕೊಂಡು ಒಳಗೆ ನುಗ್ಗಿದಳು. ಜೋಗುಳ ಶುರುವಾಯಿತು. ಹೊರಗೆ ಪರಶು ಕಾರನ್ನು ಸವರುತ್ತ, “ಮಾಮಾ, ಬರೂ ಮುಂದ ಅದೇನೋ ಸೀನತಿತ್ತಲ್ರಿ, ಒಮ್ಮೆ ತೋರಸ್ರಲಾ,” ಎಂದ. ಟರ್ಬೊ ಹಣಮಪ್ಪನಿಗೆ ಇಷ್ಟು ಸಾಕಲ್ಲ? ಒತ್ತಿ ಬಿಟ್ಟೆ.

“ಹ್ಯಾಕ್ಛೀ!”

ಎಂಜಿನ್ ಆರಿಹೋಯಿತು. ಶ್ಯಾನುಭೋಗ ಲೆಕ್ಕ ಕೇಳಿದ್ದ. ಕೀಲಿ ತಿರುವಿದರೆ ಕರಕರ ಎನ್ನುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ.

ಒಳಗೆ ಜೋಗುಳ ನಿಂತಿತು.

“ಅಕ್ಕಾ, ಹೆಸರ ಹೇಳೂ ಮುಂದ ಒಂಟಿ ಸೀನಾತು. ನೀ ಅತ್ತಾಗ ಸರಿ, ನಾ ಹೇಳತೇನಿ,” ಎಂಬ ಮಂಗಲಾಳ ದನಿ ಕೇಳಿತು. ಕಿಟಕಿಯಲ್ಲಿ ಹುಲಿಗೆವ್ವನ ಮುಖ ಬಂತು. “ಇನ್ನೊಂದ ಸೀನಸ್ರಿ! ಲಗೂ!”

“ಗಾಡಿ ಆರೇತಿ!”

“ಹಂಗಾರ ನೀವ ಸೀನ್ರಿ!”

ಹೇಳಿದಾಗ ಸೀನಲು ಅದೇನು ಸಹಿ ಹಾಕುವ ಕೆಲಸವೇ? ಪಕ್ಕದ ಮನೆಯ ಧಾಮಿಬಾಯಿ ಎಂಬ ಮುದುಕಿ ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ನನ್ನ ಮೂಗಿಗೆ ಒಂದು ಚಿಟಿಕೆ ತುರುಕಿದಳು. ನೆತ್ತಿಯಲ್ಲಿ ಟರ್ಬೊ ಗಿರ್ರನೆ ತಿರುಗಿತು. “ಹ್ಯಾಕ್ಛೀ! ಹ್ಯಾಕ್ಛೀ!”

“ಗಾಡೀದೊಂದು, ಇವರವೆರಡು. ಬೆಸ ಆತಲ್ಲೊ ಯಪ್ಪಾ!” ಎಂದು ಮುದುಕಿ ಇನ್ನೊಂದು ಚಿಟಿಕೆ ತುಂಬಿದಳು. ಆಮೇಲೆ ಹರಾಜಿನ ಹಾಗೆ ಓಣಿಯೆಲ್ಲ ನನ್ನ ಸೀನು ಎಣಿಸತೊಡಗಿತು. ಕೊನೆಗೆ ಮುದುಕಿ ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದು ಕೂಗಿದಳು: “ಸಮ ಆತು! ಹೇಳವಾ, ಹೇಳ!”

“ನಿಂಗಪ್ಪಾ!” ಎಂದಳು ಹುಲಿಗೆವ್ವ. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಎಲ್ಲಕ್ಕಿಂತ ಜೋರಾಗಿ ಗುದ್ದಿದವಳು ಮಂಗಲಾ.

ಸಂಜೆ ಗಾಡಿ ತಾನಾಗಿ ಚಾಲೂ ಆಗಿ ನಮ್ಮನ್ನು ಫೋಂಡಾ ಮುಟ್ಟಿಸಿತು. ಸೋಮವಾರ ಕೀಲಿ ಒಯ್ಯಲು ಬಂದ ಆನಂದತೀರ್ಥ ಖುಷಿಯಲ್ಲಿದ್ದ. “ಕಾಕಾ, ವಾಸ್ಕೋದ ಗೆಳ್ಯಾನೂ ಇಂಥಾದ್ದ ವಾಲ್ವ ಹಾಕಸ್ತಾನಂತ. ಆದ್ರ ಟರ್ಬೊ ಹಣಮಪ್ಪ ಯಾರೋ ತನಗ ಗೊತ್ತಿಲ್ಲ, ಸೀನಪ್ಪ ಮೇಸ್ತ್ರಿ ಕಡೆನ ಮಾಡಸಾಂವ ಅಂತಾನ. ಯಾರ್ರಿ ಆ ಸೀನಪ್ಪ?”

ಹುಲಿಗೆವ್ವ ಸೆರಗು ಬಾಯಿಗಿಟ್ಟುಕೊಂಡಳು. ನಾನು ಸಿಟ್ಟಿನಿಂದ ಎದ್ದು, ಚಪ್ಪಲಿ ಮೆಟ್ಟಿ, ನನ್ನ ಹೆಸರನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿಯೇ ಬಿಡುತ್ತೇನೆಂದು ಪೇಂಟರನ ಕಡೆಗೆ ಹೊರಟೆ. ಮೂಗಿನಲ್ಲಿ ಧಾಮಿಬಾಯಿಯ ನಶ್ಯ ಇನ್ನೂ ಸ್ವಲ್ಪ ಉಳಿದಿತ್ತು.

ಸೀನಿದೆ. ಒಂದೇ ಒಂದು.

“ಕುಂದರ್ರಿ,” ಎಂದು ಹುಲಿಗೆವ್ವ ತಂಬಿಗೆ ಮುಂದೆ ಹಿಡಿದಳು.