ಗುಡ್ಡದ ಬುಡದ ಮನೆಗೆ ಬಾರದ ಚಿತ್ರ

ಹಠ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಮಾತ್ರ ಕೇಳಬೇಡಿ. ನನ್ನ ಹಠ ಗೆದ್ದ ದಿನವೇ ನನ್ನ ಸೊಂಟ ಹಿಡಿದುಕೊಂಡಿತು. ಗುಡ್ಡದ ಮೇಲಿನ ಟಿವಿ ಮರುಪ್ರಸಾರ ಕೇಂದ್ರದಲ್ಲಿ ನಾನು ಟೆಕ್ನಿಷಿಯನ್. ಕೊಪ್ಪಳ ಸೀಮೆಯ ಮನೆಮನೆಗೆ ಚಿತ್ರ ಕಳಿಸುವವನು ನಾನೇ ಎಂದು ಬೀಗುತ್ತಿದ್ದೆ. ಜನರೂ ಹಾಗೇ ನಂಬಿದ್ದರು. ಇರಕಲ್ಲಗಡದ ರೈತರೊಬ್ಬರು ಒಮ್ಮೆ ಬೆವರು ಒರೆಸಿಕೊಳ್ಳುತ್ತ ಗುಡ್ಡ ಹತ್ತಿ ಬಂದು, "ಸಾಹೇಬ್ರ, ಸಂಜಿ ಮುಂದ ನಾ ಹೊಲದಾಗ ಇರ್ತೀನ್ರಿ. ಆ ಒಕ್ಕಲುತನದ ಕಾರ್ಯಕ್ರಮ ಮುಂಜಾನಿ ಹಾಕಿಬಿಡ್ರಿ" ಎಂದು ಒಂದು ಚೀಲ ಹಸಿಮೆಣಸಿನಕಾಯಿ ಇಟ್ಟು ಹೋದರು. ಕಾರ್ಯಕ್ರಮ ಉಪಗ್ರಹದಿಂದ ಬರುತ್ತದೆ, ನಾನು ಬರೀ ದಾಟಿಸುವವನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮೆಣಸಿನಕಾಯಿ ಚೆನ್ನಾಗಿದ್ದವು.

ಇಂಥ ನನ್ನ ಮನೆಗೇ ಚಿತ್ರ ಬರುತ್ತಿರಲಿಲ್ಲ. ಮನೆ ಇರುವುದು ಗುಡ್ಡದ ಬುಡದಲ್ಲಿ. ನಡುವೆ ಒಂದು ದೊಡ್ಡ ಬಂಡೆ ಅಡ್ಡ ಕೂತಿದೆ. ನಮ್ಮ ಟಿವಿಯಲ್ಲಿ ಯಾವಾಗಲೂ ನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ. ಓಣಿಯವರೆಲ್ಲ ಡಿಶ್ ಹಾಕಿಸಿಕೊಂಡರು. ನಮ್ಮ ಮನೆಯ ಮೇಲೆ ಡಿಶ್ ಕೂತರೆ ನನ್ನ ಮರ್ಯಾದೆ ಏನಾಗಬೇಕು?

"ಅಲ್ರೀ, ನಿಮ್ಮ ಗುಡ್ಡದ ಮ್ಯಾಲ ಅಷ್ಟ ದೊಡ್ಡ ಡಿಶ್ ಐತಿ. ಅಲ್ಲಿ ಹೋಗದ ಮರ್ಯಾದಿ ಇಲ್ಲಿ ಹೆಂಗ ಹೋಗತೈತಿ?" ಎಂದಳು ಹೆಂಡತಿ ಶಾಂತವ್ವ. ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. "ನಮ್ಮ ಕೇಂದ್ರದ ಚಿತ್ರಾನ ಈ ಮನಿಯಾಗ ತೋರಸ್ತೀನಿ, ನೋಡ್ತಿರು" ಎಂದುಬಿಟ್ಟೆ. ಬಿದಿರು ನೆಟ್ಟೆ, ಕಬ್ಬಿಣದ ಪೈಪು ನೆಟ್ಟೆ, ಕೊನೆಗೆ ಆಂಟೆನಾಕ್ಕೆ ಆಕೆ ಹಿಟ್ಟು ನಾದುವ ಹಿತ್ತಾಳೆ ಪರಾತವನ್ನೂ ಕಟ್ಟಿದೆ. ಚಿತ್ರ ಬರಲಿಲ್ಲ, ಪರಾತ ಸೊಟ್ಟಾಯಿತು.

ಅಷ್ಟರಲ್ಲಿ ಕೇಂದ್ರ ಮುಚ್ಚುವ ಆದೇಶವೇ ಬಂತು. ನಮ್ಮನ್ನು ನೋಡುವವರೇ ಇಲ್ಲವಂತೆ. ನನಗೆ ನಿಜವಾಗಿಯೂ ಸಂಕಟವಾಯಿತು. ಹೆಂಡತಿಗೆ ಕೊಟ್ಟ ಮಾತು ಹಾಗೇ ಉಳಿಯಿತಲ್ಲ ಎಂಬುದು ಇನ್ನೂ ಹೆಚ್ಚು ಚುಚ್ಚಿತು. ಕೊನೆಯ ದಿನ ಸಂಜೆ ಐದಕ್ಕೆ ಪ್ರಸಾರ ನಿಲ್ಲುವುದಿತ್ತು. ಯಂತ್ರವನ್ನು ಜೊತೆಯವನಿಗೆ ಒಪ್ಪಿಸಿ, ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ಮಾಳಿಗೆ ಹತ್ತಿದೆ. ಶಾಂತವ್ವ ಕೆಳಗೆ ಟಿವಿ ಮುಂದೆ ಕೂತಳು; ನಾನು ಆಂಟೆನಾ ಹಿಡಿದು ಮೂಲೆ ಮೂಲೆ ಸುತ್ತಿದೆ.

"ಬಂತೇನ?"

"ಇಲ್ರೀ!"

ಕೊನೆಗೆ ಮೂಲೆಯ ನೀರಿನ ಟ್ಯಾಂಕ್ ಹತ್ತಿ, ಎರಡೂ ಕೈ ಮೇಲೆತ್ತಿ, ತುಸು ಎಡಕ್ಕೆ ವಾಲಿದೆ.

"ಬಂತ್ರೀ! ಬಣ್ಣ ಸುದ್ದಾ ಬಂತ್ರೀ!"

ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆಂಟೆನಾವನ್ನು ಕೋಲಿಗೆ ಕಟ್ಟಿದೆ, ಚಿತ್ರ ಹೋಯಿತು. ಕೈಯಲ್ಲಿ ಹಿಡಿದೆ, ಬಂತು. "ಅಳ್ಳಾಡಬ್ಯಾಡ್ರಿ, ಹಂಗ ನಿಂದರ್ರಿ!" ಎಂದು ಕೂಗಿದ ಶಾಂತವ್ವ, ತಮ್ಮ ತಮ್ಮ ಮನೆಯಲ್ಲೇ ಡಿಶ್ ಇದ್ದ ಓಣಿಯ ಹೆಂಗಸರನ್ನೆಲ್ಲ ಕರೆತಂದು ಕೂರಿಸಿದಳು. ಎಲ್ಲರಿಗೂ ಚಹಾ ಆಯಿತು. ನನಗೆ ಕೊಡೋಣವೆಂದರೆ ನನ್ನ ಕೈ ಬಿಡುವಿರಲಿಲ್ಲ.

ಐದಕ್ಕೆ ಕೆಳಗಿನ ಸದ್ದು ನಿಂತಿತು. ಸೊಂಟ ಹಿಡಿದುಕೊಂಡು ಇಳಿದು, "ಹೆಂಗಿತ್ತು?" ಎಂದೆ.

"ಭಾಳ ಛಲೋ ಇತ್ರಿ. ನಡುವ ಒಂದ ಸಲಾನೂ ಹೋಗಲಿಲ್ಲ ನೋಡ್ರಿ" ಎಂದಳು. ಇಡೀ ನೌಕರಿಯಲ್ಲಿ ಇಂಥ ಹೊಗಳಿಕೆ ನನಗೆ ಯಾವ ಮೇಲಧಿಕಾರಿಯಿಂದಲೂ ಸಿಕ್ಕಿರಲಿಲ್ಲ. ಎದೆಯುಬ್ಬಿಸಿ ಟಿವಿಯ ಕಡೆ ತಿರುಗಿದೆ. ಬರೀ ಬಿಳಿ ಚುಕ್ಕೆ. ನಮ್ಮ ಮನೆಯಲ್ಲಿ ನಮ್ಮ ಕೇಂದ್ರದ ಚಿತ್ರ ಹೇಗಿತ್ತೆಂದು ಓಣಿಯ ಹೆಂಗಸರನ್ನು ಕೇಳಿ; ನಾನಂತೂ ನೋಡಿಲ್ಲ.