ಮನೆಗೆ ಒಯ್ಯುವ ಕವರು

ಕಾಪುವಿನ ನಮ್ಮ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಒಂದೊಂದು ಕವರು ಕೊಡುತ್ತೇನೆ. ಬಣ್ಣದ ಕಾಗದ, ಐಸ್‌ಕ್ರೀಂ ಕಡ್ಡಿ, ದಾರ, ಗೋಂದು, ಮಾಡುವ ಕ್ರಮ ಬರೆದ ಚೀಟಿ, ಎಲ್ಲ ಅದರೊಳಗೆ. ಮನೆಗೆ ಒಯ್ದು ಮಾಡಿ ತಂದು ತೋರಿಸಬೇಕು. ನಾನು ಕೊಟ್ಟದ್ದು ಒಂದು, ತಿರುಗಿ ಬರುವುದು ಇನ್ನೊಂದು. ವಾರ ವಾರ ಬಾಯಿ ಬಿಟ್ಟು ನೋಡುವುದೇ ನನ್ನ ಕೆಲಸ.

ಬೋಟು

ಆ ವಾರ ಕಡ್ಡಿಯ ಬೋಟು. ಅಪ್ಪನೊಟ್ಟಿಗೆ ಮಲ್ಪೆ ಬಂದರಿಗೆ ಹೋಗಿ ಬರುವ ಒಬ್ಬ ಹುಡುಗ ತಂದ ಬೋಟಿನಲ್ಲಿ ಬಲೆಯೂ ಉಂಟು! ಅಂಗೈಯಷ್ಟೇ ಬಲೆ, ಒಂದೊಂದು ಕಣ್ಣೂ ಸಮ. ಅವನೇ ಹೆಣೆದದ್ದಂತೆ.

"ಚೀಟಿಯಲ್ಲಿ ಬಲೆ ಇರಲಿಲ್ಲವಲ್ಲ ಮಗಾ?"

"ಬಲೆ ಇಲ್ಲದೆ ಸಮುದ್ರಕ್ಕೆ ಹೋಗಿ ಎಂತ ಮಾಡುವುದು ಮೇಡಂ? ಸೆಲ್ಫಿಯಾ?"

ಮಲ್ಲಿಗೆ

ಟಿಶ್ಯೂ ಕಾಗದದ ಮಲ್ಲಿಗೆ ಮೊಗ್ಗು. ಮನೆಮನೆಯಲ್ಲೂ ಮಲ್ಲಿಗೆ ಬೆಳೆಯುವ ಶಂಕರಪುರದ ಒಬ್ಬ ಹುಡುಗಿ ಮೊಗ್ಗು ಮಾಡಿದಳು, ಅವಳ ಅಜ್ಜಿ ಬಾಳೆನಾರಿನಲ್ಲಿ ಕಟ್ಟಿಕೊಟ್ಟರು. ಮೇಜಿನ ಮೇಲಿಟ್ಟಾಗ ನನ್ನ ಕೈ ತಾನಾಗಿ ಜಡೆಗೆ ಹೋಯಿತು. ತರುವಾಗ ಬಸ್ಸಿನಲ್ಲಿ ಹುಡುಗಿಯ ಪಕ್ಕ ಕೂತ ಹೆಂಗಸೊಬ್ಬರು ಮೂಸಿ ನೋಡಿ, "ಪರಿಮಳವೇ ಇಲ್ಲ. ನಿನ್ನೆಯದ್ದಾ?" ಎಂದರಂತೆ.

"ಅಲ್ಲ, ಹೋದ ವಾರದ್ದು."

"ಆದರೂ ಬಾಡಲಿಲ್ಲವಲ್ಲ ಮಾರಾಯ್ತಿ! ಗಿಡಕ್ಕೆ ಎಂತ ಹಾಕುತ್ತೀರಿ?"

"ಗೋಂದು."

ಕಾಗೆ

ಒಬ್ಬಳು ಪುಟ್ಟ ಹುಡುಗಿ ತಾಯಿಯ ಸೆರಗು ಹಿಡಿದು ಬರುತ್ತಿದ್ದಳು. ಒಂದು ಮಾತಿಲ್ಲ. ಹೆಸರು ಕೇಳಿದರೂ ನೆಲ ನೋಡುವಳು. "ಶಾಲೆಯಲ್ಲಿಯೂ ಹೀಗೇ ಮೇಡಂ. ಹಾಜರಿ ಕರೆದರೆ ಕೈ ಎತ್ತುವುದು, ಅಷ್ಟೇ," ಎನ್ನುತ್ತಿದ್ದರು ತಾಯಿ. ಎಲ್ಲರಿಗೆ ಕೊಟ್ಟ ಹಾಗೆ ಅವಳಿಗೂ ಕಾಗದದ ಚೀಲದಲ್ಲಿ ಕೈಗೊಂಬೆ ಮಾಡುವ ಕವರು ಕೊಟ್ಟೆ.

ಮುಂದಿನ ಶನಿವಾರ ಬಂದಳು. ಬಲಗೈಯಲ್ಲಿ ಕಪ್ಪು ಕಾಗೆ. ಕಾಗೆ ನನ್ನ ಮೇಜಿನ ಅಂಚಿಗೆ ಬಂದು ಕೊಕ್ಕು ತೆರೆಯಿತು.

"ಕಾಗೆಗಳಿಗೂ ಪುಸ್ತಕ ಕೊಡುತ್ತೀರಾ?"

ಗಟ್ಟಿ ಸ್ವರ! ಪೇಪರು ಓದುತ್ತಿದ್ದ ಹಿರಿಯರೊಬ್ಬರು ತಲೆ ಎತ್ತಿದರು. ತಾಯಿ ಬಾಗಿಲ ಹತ್ತಿರ ನಿಂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡರು.

"ಕೊಡುತ್ತೇವೆ. ಎಂಥ ಪುಸ್ತಕ ಬೇಕು?"

"ಆನೆಯದ್ದು. ದೊಡ್ಡ ಚಿತ್ರ ಬೇಕು. ಹರಿದದ್ದು ಬೇಡ."

ನನಗೆ ಆಸೆ ಹೆಚ್ಚಾಯಿತು. ಬಗ್ಗಿ, ಹುಡುಗಿಯ ಮುಖ ನೋಡಿ, ಮೆಲ್ಲ ಕೇಳಿದೆ: "ನಿನ್ನ ಹೆಸರೆಂತ ಪುಟ್ಟಿ?"

ಹುಡುಗಿ ನೆಲ ನೋಡಿದಳು. ಕಾಗೆ ನಮ್ಮಿಬ್ಬರ ನಡುವೆ ಬಂತು.

"ಅವಳ ಹತ್ತಿರ ಕೇಳಬೇಡಿ ಮೇಡಂ. ಅವಳಿಗೆ ಭಾರೀ ನಾಚಿಕೆ. ಎಂತ ಇದ್ದರೂ ನನ್ನ ಹತ್ತಿರ ಹೇಳಿ."