ಬಾಣಂತಿ ಮೋಟರು

ಮೆಗ್ಗರಿನ ಮುಳ್ಳು ಏಳಲಿಲ್ಲ.

ಅಗರದಾಚೆಯ ಕುಡಿಯುವ ನೀರಿನ ಪಂಪ್‌ಹೌಸಿನ ಆಪರೇಟರ್ ಜಡೇಸ್ವಾಮಿ, ದೊಡ್ಡ ಮೋಟರು ಕೆಟ್ಟರೆ ಬೇಕೆಂದು ಇಟ್ಟಿದ್ದ ಸ್ಟ್ಯಾಂಡ್‌ಬೈ ಮೋಟರಿಗೆ, ತಂತಿಯ ಹೊದಿಕೆ ಪರೀಕ್ಷಿಸುವ ಮೆಗ್ಗರಿನ ವೈರು ಹಚ್ಚಿ ಮತ್ತೊಮ್ಮೆ ಹಿಡಿ ತಿರುಗಿಸಿದ. ಮುಳ್ಳು ಸೊನ್ನೆಯ ಪಕ್ಕದಲ್ಲಿ ಕೊಂಚ ಮಿಸುಕಿ, ಚಳಿಗೆ ಏಳಲೊಲ್ಲದ ಮುದುಕನಂತೆ ಮತ್ತೆ ಮಲಗಿತು. ಮಳೆಯ ತೇವವನ್ನು ಒಳಗಿನ ತಂತಿಯ ಹೊದಿಕೆ ಕುಡಿದುಬಿಟ್ಟಿತ್ತು. ಹಾಗೇ ಸ್ವಿಚ್ ಹಾಕಿದರೆ ಮೋಟರು ಸುಟ್ಟೇ ಹೋಗುತ್ತದೆ.

ಇವತ್ತೇ ಹೀಗಾಗಬೇಕಿತ್ತೆ! ಅವನು ಕೊಳ್ಳೇಗಾಲಕ್ಕೆ ಹೋಗಿ ಮಧ್ಯಾಹ್ನದ ಗೋಪಿನಾಥಂ ಬಸ್ಸು ಹಿಡಿಯಬೇಕಿತ್ತು. ಹೆಂಡತಿ ರಾಣಿ ತವರಲ್ಲಿ ಹೆತ್ತು ತಿಂಗಳಾಗುತ್ತ ಬಂದಿತ್ತು. ಮಗಳನ್ನು ಅವನು ಕಂಡದ್ದು ಫೋಟೋದಲ್ಲಿ ಮಾತ್ರ. ಅದನ್ನೇ ಹಿಗ್ಗಿಸಿ ಹಿಗ್ಗಿಸಿ, ಕಿವಿ ತನ್ನದೋ ಮಾವನದೋ ಎಂದು ತೀರ್ಮಾನವಾಗದೆ ದಿನ ಕಳೆದಿದ್ದ. ನಾಳೆ ನಾಮಕರಣ. ಆ ಕಿವಿಯಲ್ಲೇ ಅವನು ಹೆಸರು ಹೇಳಬೇಕಿತ್ತು.

"ಮೋಟರಿನ ರೀಡಿಂಗ್ ತಗೊಂಡು ನನಗೊಂದು ಫೋನ್ ಮಾಡಿ ಹೊರಡು. ಹನೂರಿಂದ ಗಣೇಶ್ ಬಂದು ನೋಡ್ಕೋತಾನೆ" ಎಂದಿದ್ದರು ಇಂಜಿನಿಯರ್ ಶಿವಶಂಕರ.

ಫೋನ್ ಮಾಡಲು ಹೊರಟವನನ್ನು ತಡೆದದ್ದು ಪಕ್ಕದ ಟೀ ಅಂಗಡಿಯ ಬಸವಯ್ಯ. "ಲೇ, ಮುಳ್ಳು ಏಳ್ಲಿಲ್ಲ ಅಂದ್ರೆ ರಜ ಕೊಟ್ಟಾರೇನ್ಲಾ? ಮೊದ್ಲು ಸರಿ ಮಾಡು, ಆಮ್ಯಾಕೆ ಫೋನ್ ಮಾಡು."

ಮಾತು ಸರಿ ಎನಿಸಿತು. ಜಡೇಸ್ವಾಮಿ ಮೋಟರಿನ ಮುಚ್ಚಳ ಬಿಚ್ಚಿ, ಪಕ್ಕದಲ್ಲಿ ದೊಡ್ಡ ಬಲ್ಬು ಉರಿಸಿಟ್ಟ. ಅಷ್ಟರಲ್ಲಿ ಎದುರು ಮನೆಯ ದೇವೀರಮ್ಮ ಇಣುಕಿದಳು.

"ಅದುಕ್ಕೇನಾಗದಪ್ಪ?"

"ತೇವ ಕುಡ್ದದೆ ಕಣವ್ವ. ಬೆಚ್ಚಗೆ ಮಡುಗ್ಬೇಕು."

"ಅಷ್ಟೇಯಾ? ನಂಗೆ ಬುಡು. ಎಷ್ಟು ಬಾಣಂತೀರ್ನ ಎಬ್ಸಿ ಕೂರ್ಸಿವ್ನಿ!"

ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಅವನು ಇನ್ನೊಂದು ಬಲ್ಬು ತರಲು ಹೋದ. ಬರುವಷ್ಟರಲ್ಲಿ ಪಂಪ್‌ಹೌಸ್ ಹೊಗೆಯಲ್ಲಿ ಮುಳುಗಿತ್ತು. ಮೋಟರಿನ ಮೇಲೆ ಕಂಬಳಿ, ಕೆಳಗೆ ಸಾಂಬ್ರಾಣಿ ಕೆಂಡ, ವೈರುಗಳು ಸೇರುವ ಟರ್ಮಿನಲ್ ಬಾಕ್ಸಿಗೆ ಬಿಗಿಯಾಗಿ ಸುತ್ತಿದ ಹಳೇ ಪಂಚೆ!

"ಕಿವಿಗೆ ಗಾಳಿ ಓಗ್ಬಾರ್ದು ಕಣಪ್ಪ" ಎಂದಳು ದೇವೀರಮ್ಮ.

"ಅಯ್ಯೋ ಅವ್ವಾ, ಹೊಗೆ ಕಪ್ಪು ಒಳಗಡೆ ಕುಂತ್ರೆ ಇನ್ನೂ ಕೆಡ್ತದೆ!"

"ಕಪ್ಪು ತಾನೆ?" ಎಂದವನೇ ಬಸವಯ್ಯ ಓಡಿಹೋಗಿ, ಅಂಗಡಿಯ ಬೆಂಚು ಒರೆಸುವ ಒದ್ದೆ ಬಟ್ಟೆ ತಂದು ಟರ್ಮಿನಲ್ಲನ್ನೆಲ್ಲ ನೀಟಾಗಿ ಒರೆಸಿಬಿಟ್ಟ.

ಜಡೇಸ್ವಾಮಿ ಮೆಗ್ಗರ್ ತಿರುಗಿಸಿದ. ಈ ಸಲ ಮುಳ್ಳು ಮಿಸುಕಲೂ ಇಲ್ಲ.

ಅವನು ಇಬ್ಬರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಂಡ. ಟರ್ಮಿನಲ್ಲನ್ನು ಒಣಬಟ್ಟೆಯಲ್ಲಿ ಒರೆಸಿ, ಬಲ್ಬುಗಳನ್ನು ಹತ್ತಿರಕ್ಕೆ ಸರಿಸಿ, ರಟ್ಟಿನಿಂದ ಗಾಳಿ ಹಾಕುತ್ತ ಕೂತ. ಮೋಟರಿನ ಮೈ ನಿಧಾನಕ್ಕೆ ಬೆಚ್ಚಗಾಯಿತು. ಕೂಸನ್ನು ಎತ್ತಿಕೊಂಡರೆ ಹೀಗೇ ಇರುತ್ತದೇನೋ ಎನಿಸಿ ಅಂಗೈಯನ್ನು ಅಲ್ಲೇ ಇಟ್ಟುಕೊಂಡ. ಎತ್ತಿಕೊಳ್ಳುವುದಾದರೂ ಹೇಗೆ? ಕತ್ತಿನ ಕೆಳಗೆ ಕೈ ಕೊಡಬೇಕಂತೆ. ಮುಚ್ಚಳವನ್ನು ತೋಳ ಮೇಲೆ ಮಲಗಿಸಿಕೊಂಡು ಒಮ್ಮೆ ನೋಡಿದ. ಕಿಟಕಿಯಲ್ಲಿ ಬಸವಯ್ಯನ ಮುಖ ಕಂಡು ನಾಚಿ ಕೆಳಗಿಟ್ಟ.

ಕೊನೆಗೂ ಮುಳ್ಳು ಎದ್ದಿತು. ಎದ್ದದ್ದು ಆಚೆ ತುದಿವರೆಗೂ ಹೋಯಿತು! ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾಗು ಹೆಗಲಿಗೇರಿಸಿ ಫೋನ್ ಮಾಡಿದ.

"ಸಾ, ಫಸ್ಟ್ ಕ್ಲಾಸ್ ರೀಡಿಂಗು ಸಾ!"

"ಭೇಷ್! ಹಾಗಾದ್ರೆ ಅದನ್ನೇ ಸ್ಟಾರ್ಟ್ ಮಾಡು. ದೊಡ್ಡ ಮೋಟರಿನ ಬೇರಿಂಗ್ ಕಿರುಗುಟ್ತಿದೆಯಲ್ಲ, ಈಗಲೇ ಬಿಚ್ಚಿ ಕೊಳ್ಳೇಗಾಲದ ವರ್ಕ್‌ಶಾಪಿಗೆ ಕಳಿಸೋಣ. ಅದು ವಾಪಸ್ ಬರೋವರೆಗೂ ನೀನೇ ಪಕ್ಕದಲ್ಲಿರು. ಗಣೇಶ ಹೊಸಬ, ಅವನ ಕೈಗೆ ಕೊಡೋಕಾಗಲ್ಲ."

"ಸಾ... ರೀಡಿಂಗು ಕಮ್ಮಿ ಬಂದಿದ್ರೆ?"

"ಇದನ್ನೇ ವರ್ಕ್‌ಶಾಪಿಗೆ ಕಳಿಸ್ತಿದ್ದೆ. ದೊಡ್ಡದು ಇನ್ನೊಂದು ವಾರ ಹೇಗೋ ಓಡ್ತಿತ್ತು. ನೀನು ಆರಾಮಾಗಿ ಊರಿಗೆ ಹೋಗ್ಬಹುದಿತ್ತು."

ಜಡೇಸ್ವಾಮಿ ಬಸವಯ್ಯನ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಆಸೆಯಿಂದ ನೋಡಿದ. ಆದರೆ ಬೀದಿಯ ನಲ್ಲಿಗಳ ಮುಂದೆ ಬಿಂದಿಗೆಗಳು ಕಾದಿದ್ದವು. ಬ್ಯಾಗು ಇಳಿಸಿ ಸ್ವಿಚ್ ಹಾಕಿದ.

ಸಂಜೆ ರಾಣಿ ಕೂಸಿನೊಂದಿಗೆ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಿ ತಾನೇ ಫೋನ್ ಮಾಡಿದಳು. ಅವನು ಬರುವುದಿಲ್ಲವೆಂದು ಕೇಳಿ, "ನಾಳೆ ಹೆಸ್ರು ಹೇಳೋರ್ಯಾರು?" ಎಂದಳು. ಹಿಂದೆ ಕೂಸು ಕಿರುಚಿ ಅಳುತ್ತಿತ್ತು.

"ಅದ್ರ ಕಿವಿಗೆ ಫೋನ್ ಹಿಡಿ. ಹೆಸ್ರು ಇಲ್ಲಿಂದ್ಲೇ ಹೇಳ್ತೀನಿ" ಎಂದ ಜಡೇಸ್ವಾಮಿ. ಆಮೇಲೆ ಮೋಟರಿನ ಸದ್ದಿನ ಮೇಲೆ ಕೂಗಿದ, ಇನ್ನೂ ಜೋರಾಗಿ ಕೂಗಿದ. ಅಳು ನಿಂತಿತು. ಅವನ ಎದೆ ತುಂಬಿ ಬಂತು.

"ಕೇಳುಸ್ತಾ ರಾಣಿ? ನನ್ ದನಿ ಗುರ್ತು ಹಿಡೀತಾ?"

"ನಿಮ್ ದನಿ ಎಲ್ಲಿ ಕೇಳುಸ್ತದೆ? ಬರೀ ಮೋಟರ್ ಗುಂಯ್ ಅಂತದೆ. ಅದ್ನೇ ಕೇಳ್ತಾ ಕೂಸು ನಿದ್ದೆ ಓಗ್ಬುಡ್ತು" ಎಂದಳು ರಾಣಿ, ಪಿಸುಗುಟ್ಟುತ್ತ. "ಸುಮ್ಕಿರಿ, ಕೂಗ್ಬ್ಯಾಡಿ. ಫೋನ ಅಂಗೇ ಮೋಟರ್ ಪಕ್ದಲ್ಲಿ ಮಡುಗ್ಬುಟ್ಟು ನೀವು ಆಚ್ಗೋಗಿ."